ಕಾರಿನ ಆಯಿಲ್ ಮನೆಯಲ್ಲೇ ಬದಲಾಯಿಸುವವರು ಎಲ್ಲೆಲ್ಲಿ ಎಡವಿದ್ದೀರಿ, ಹೇಳಿ

ಅಡಿಕೆಹಾಳೆ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್, ಪೆಟ್ರೋಲ್. 92 ಸಾವಿರ ಓಡಿದೆ. ಊರು ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಸರ್ವಿಸ್ ಅಂದರೆ ಶಿವಮೊಗ್ಗಕ್ಕೆ 60 ಚಿಲ್ಲರೆ ಕಿಲೋಮೀಟರ್ ಹೋಗಬೇಕು, ಬೆಳಗ್ಗೆ ಗಾಡಿ ಬಿಡಬೇಕು, ಸಂಜೆ ತನಕ ಪೇಟೆ ಸುತ್ತುತ್ತಾ ಕಾಯಬೇಕು. ಹೋದ ಸಲ ಹೀಗೆ ಒಂದು ದಿನ ಪೂರ್ತಿ ಕಳೆದು ಬಿಲ್ ನೋಡಿದರೆ ಆಯಿಲ್ ಮತ್ತು ಫಿಲ್ಟರ್ ಬಿಟ್ಟು ಬೇರೇನೂ ಮಾಡಿರಲಿಲ್ಲ. ಇಷ್ಟಕ್ಕೆ ಒಂದು ದಿನವಾ ಅನ್ನಿಸಿತು.

ಬೈಕು, ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಮಿಷನ್ ಎಲ್ಲದರ ಆಯಿಲ್ ನಾನೇ ಬದಲಾಯಿಸುವುದು. ಸ್ಪ್ಯಾನರ್ ಹಿಡಿಯಲು ಹೆದರಿಕೆ ಇಲ್ಲ. ಕಾರಿನ ಕೆಳಗೆ ನುಗ್ಗಲು ಮಾತ್ರ ಸ್ವಲ್ಪ ಅಳುಕು. ನನ್ನ ಹತ್ತಿರ ಇರುವುದು ಕಾರಿನ ಜೊತೆ ಬಂದ ಜಾಕ್ ಒಂದೇ, ಅದು ಸಾಕಾಗುತ್ತದಾ? ಇನ್ನೊಂದು, ಬೈಕಿಗೆ ತಂದ 20ಡಬ್ಲ್ಯೂ-40 ಆಯಿಲ್ ಒಂದೂವರೆ ಲೀಟರ್ ಉಳಿದಿದೆ. ನಮ್ಮೂರ ಮೆಕ್ಯಾನಿಕ್ ಒಬ್ಬರು ಹಳೇ ಇಂಜಿನ್‌ಗೆ ದಪ್ಪ ಆಯಿಲ್ಲೇ ಒಳ್ಳೆಯದು, ಅದನ್ನೇ ಹಾಕಿ ಅಂತಾರೆ. ಮ್ಯಾನ್ಯುವಲ್‌ನಲ್ಲಿ 5ಡಬ್ಲ್ಯೂ-30 ಇದೆ. ಯಾರ ಮಾತು ಕೇಳಲಿ?

ಹೇಗೆ ಮಾಡುವುದು ಅಂತ ವಿಡಿಯೋ ಬೇಕಾದಷ್ಟು ನೋಡಿದ್ದೇನೆ. ಎಲ್ಲರದ್ದೂ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಕೈ ಕೂಡ ಕಪ್ಪಾಗುವುದಿಲ್ಲ. ಕೆಡುವುದು ಹೇಗೆ ಅಂತ ಯಾರೂ ತೋರಿಸುವುದಿಲ್ಲ. ಅದಕ್ಕೇ ಇಲ್ಲಿ ಕೇಳಿದೆ.

ಮೂರ್ನೇಗೇರ್

ಸರ್, ನನ್ನ ಹೆಸರು ನೋಡಿದಿರಲ್ಲ, ಅದರ ಹಿಂದೆ ಒಂದು ಕಥೆ ಇದೆ. ಕೆಡುವುದು ಹೇಗೆ ಅಂತ ಕೇಳಿದ್ದೀರಿ, ನಾನು ಕೆಡಿಸಿದ್ದು ಹೇಳುತ್ತೇನೆ.

ಮೊದಲ ಸಲ, ಭಾನುವಾರ, ಮೈಸೂರಲ್ಲಿ ಮನೆ ಮುಂದೆ. ವ್ಯಾಗನ್ಆರ್ ಕೆಳಗೆ ಮಲಗಿ, ಕಣ್ಣಿಗೆ ಮೊದಲು ಬಿದ್ದ ಬೋಲ್ಟ್ ಬಿಚ್ಚಿದೆ. ಜೇನುತುಪ್ಪದ ಬಣ್ಣದ ಆಯಿಲ್ ಬಂತು, ಸ್ವಲ್ಪ ದಪ್ಪ. ಹತ್ತು ಸಾವಿರ ಓಡಿದ ಆಯಿಲ್ ಇಷ್ಟು ಚೊಕ್ಕ ಇದೆಯಲ್ಲಾ, ನನ್ನ ಡ್ರೈವಿಂಗ್ ಎಷ್ಟು ನಾಜೂಕು ಅಂತ ಹೆಮ್ಮೆ ಬೇರೆ ಪಟ್ಟೆ. ಕೊಳೆತ ಮೊಟ್ಟೆಯ ಹಾಗೆ ಏನೋ ವಾಸನೆ ಬರುತ್ತಿತ್ತು, ಪಕ್ಕದಲ್ಲೇ ಮೋರಿ ಇತ್ತು, ಅದರದ್ದೇ ಇರಬೇಕು ಅಂದುಕೊಂಡೆ. ಆ ಬೋಲ್ಟ್, ಅಂದರೆ ಡ್ರೈನ್ ಪ್ಲಗ್, ವಾಪಸ್ ಹಾಕಿ, ಫಿಲ್ಟರ್ ಬದಲಾಯಿಸಿ, ಮೇಲಿಂದ ಹೊಸ ಆಯಿಲ್ ಸುರಿದು, ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತು ದಾಟಿ ಎಲ್ಲೋ ಹೋಗಿದೆ! ಒರೆಸಿ ಮತ್ತೆ ನೋಡಿದೆ. ಅದೇ. ಅಷ್ಟೊತ್ತಿಗೆ ಆ ಮೊಟ್ಟೆ ವಾಸನೆ ನೆನಪಾಯಿತು ನೋಡಿ, ಕೈಕಾಲು ತಣ್ಣಗಾಯಿತು. ನಾನು ಇಳಿಸಿದ್ದು ಗೇರ್ ಆಯಿಲ್. ಗೇರ್ ಆಯಿಲ್‌ಗೆ ಗಂಧಕದ ಅಂಶ ಇರುತ್ತದೆ, ಅದೇ ಆ ವಾಸನೆ. ಇಂಜಿನ್‌ನಲ್ಲಿ ಹಳೇ ಆಯಿಲ್ ಮೇಲೆ ಹೊಸದು, ಗೇರ್‌ಬಾಕ್ಸ್ ಖಾಲಿ.

ಪುಣ್ಯಕ್ಕೆ ಸ್ಟಾರ್ಟ್ ಮಾಡಿರಲಿಲ್ಲ. ಮಾಡಿ ಒಂದು ರೌಂಡ್ ಹೋಗಿ ಬಂದಿದ್ದರೆ ಗೇರ್‌ಬಾಕ್ಸ್ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೊಸ ಆಯಿಲ್ ಎಲ್ಲ ಹಳೇದರ ಜೊತೆ ಬಕೆಟ್ಟಿಗೆ ಹೋಯಿತು. ಗೇರ್‌ಬಾಕ್ಸ್ ತುಂಬಿಸುವ ಪ್ಲಗ್ ಇನ್ನೊಂದು ಇರುತ್ತದೆ, ಪಕ್ಕದಲ್ಲಿ. ಅದನ್ನು ಬಿಚ್ಚಲು ಆ ದಿನ ನನ್ನ ಕೈಲಿ ಆಗಲಿಲ್ಲ. ಮರುದಿನ 75ಡಬ್ಲ್ಯೂ-90 ಗೇರ್ ಆಯಿಲ್ ತಂದು ಗ್ಯಾರೇಜಿನ ಹುಡುಗನನ್ನು ಮನೆಗೇ ಕರೆಸಿದೆ. ಅವನು ಏನೂ ಹೇಳಲಿಲ್ಲ, ಆದರೆ ಕೆಲಸ ಮುಗಿಯುವ ತನಕ ನಗುತ್ತಲೇ ಇದ್ದ.

ಆದ್ದರಿಂದ ಸ್ಪ್ಯಾನರ್ ಹಾಕುವ ಮೊದಲು ಬಾನೆಟ್ ತೆಗೆದು ಮೇಲಿಂದ ನೋಡಿ. ನಿಮ್ಮ ಗಾಡಿಯಲ್ಲೂ ಬ್ಯಾಟರಿ ಇರುವ ಕಡೆ, ಅದರ ಕೆಳಗೆ ಗೇರ್‌ಬಾಕ್ಸ್, ಬೆಲ್ಟ್ ಓಡುವ ಕಡೆ ಇಂಜಿನ್. ಆಮೇಲೆ ಕೆಳಗೆ ಹೋಗಿ ಇಂಜಿನ್ ಕಡೆಯ ಚಪ್ಪಟೆ ತೊಟ್ಟಿ ಹುಡುಕಿ, ಅದೇ ಸಂಪ್. ಅನುಮಾನ ಇದ್ದರೆ ಪ್ಲಗ್ ಸ್ವಲ್ಪ ಸಡಿಲ ಮಾಡಿ ನಾಲ್ಕು ಹನಿ ಬೀಳಿಸಿ. ಕಪ್ಪಗೆ ತೆಳ್ಳಗೆ ಇದ್ದರೆ ಸರಿ. ಜೇನುತುಪ್ಪ ಬಂದರೆ ಮುಚ್ಚಿಬಿಡಿ. ಇನ್ನೊಂದು ಪರೀಕ್ಷೆ ಇದೆ, ಇದು ನಾನು ಆಮೇಲೆ ಕಲಿತದ್ದು: ಆಯಿಲ್ ಪೂರ್ತಿ ಇಳಿದ ಮೇಲೆ, ಹೊಸದು ಸುರಿಯುವ ಮುಂಚೆ, ಡಿಪ್‌ಸ್ಟಿಕ್ ಒರೆಸಿ ಹಾಕಿ ತೆಗೆದು ನೋಡಿ. ತುದಿ ಒಣಗಿರಬೇಕು. ಅರ್ಧ ನಿಮಿಷದ ಕೆಲಸ, ನನಗೆ ಮೂರು ಲೀಟರ್ ಆಯಿಲ್ ಉಳಿಯುತ್ತಿತ್ತು.

ಗ್ರೀಸ್‌ಕೈ

ನಾನು ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವವನು. ಮನೆಯಲ್ಲಿ ಮಾಡಿಕೊಳ್ಳುವವರ ಮೇಲೆ ನನಗೇನೂ ಸಿಟ್ಟಿಲ್ಲ, ಅರ್ಧ ಜನ ಆಮೇಲೆ ನಮ್ಮ ಹತ್ತಿರವೇ ಬರುತ್ತಾರೆ.

ಮೊದಲು ಜಾಕ್ ವಿಷಯ. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಾಯಿಸಲು ಮಾತ್ರ. ಅದರ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ತಲೆ ಹಾಕಬೇಡಿ. ಎರಡೇ ನಿಮಿಷ ಅಂತ ಕೂಡ ಬೇಡ. ಪ್ಲಗ್ ಬಿಗಿಯಾಗಿದ್ದರೆ ನೀವು ಕೆಳಗೆ ಮಲಗಿ ಜಗ್ಗುತ್ತೀರಿ, ಗಾಡಿ ಅಲ್ಲಾಡುತ್ತದೆ, ಆ ಜಾಕ್ ವಾಲಲು ಅಷ್ಟು ಸಾಕು. ಮಣ್ಣಿನ ಅಂಗಳ ಆದರೆ ಇನ್ನೂ ಕೆಟ್ಟದ್ದು. ಜಾಕ್ ಸ್ಟ್ಯಾಂಡ್ ಎರಡು ತಗೊಳ್ಳಿ, ಇಲ್ಲ ಚಕ್ರ ಹತ್ತಿಸುವ ರ‍್ಯಾಂಪ್ ಮಾಡಿಕೊಳ್ಳಿ. ಸಿಮೆಂಟ್ ಬ್ಲಾಕ್ ಪೇರಿಸಿ ನಿಲ್ಲಿಸುವವರನ್ನು ನೋಡಿದ್ದೇನೆ. ಹಾಲೋ ಬ್ಲಾಕ್ ಯಾವ ಸೂಚನೆಯೂ ಕೊಡದೆ ಪುಡಿಯಾಗುತ್ತದೆ. ಬೇಡವೇ ಬೇಡ. ಹ್ಯಾಂಡ್‌ಬ್ರೇಕ್ ಹಾಕಿ, ಗೇರಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ.

ಎರಡನೆಯದು ಬಿಗಿ. ನಮ್ಮ ಹತ್ತಿರ ಬರುವ ಕೇಸುಗಳಲ್ಲಿ ಜಾಸ್ತಿ ಇದೇ. ಆಯಿಲ್ ಸೋರಿಬಿಟ್ಟರೆ ಅಂತ ಹೆದರಿ ರಾಡ್ ಸಿಕ್ಕಿಸಿ ಪ್ಲಗ್ ತಿರುಗಿಸುತ್ತಾರೆ. ಸಂಪ್‌ನ ಮರೆ, ಅಂದರೆ ಪ್ಲಗ್ ತಿರುಗಿ ಕೂರುವ ಥ್ರೆಡ್, ಹರಿದುಹೋಗುತ್ತದೆ. ಆಮೇಲೆ ಮರೆ ಹೊಸದಾಗಿ ಕೊರೆಸಿ ದಪ್ಪ ಪ್ಲಗ್ ಹಾಕಬೇಕು, ಇಲ್ಲ ಸಂಪ್‌ನೇ ಬದಲಾಯಿಸಬೇಕು. ನಿಮ್ಮ ಗಾಡಿಯ ಪ್ಲಗ್‌ಗೆ 35 ನ್ಯೂಟನ್ ಮೀಟರ್. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲ ಅಂದರೆ ಹೀಗೆ ಲೆಕ್ಕ ಹಾಕಿ, ಒಂದು ಅಡಿ ಉದ್ದದ ಹಿಡಿಕೆ ತುದಿಗೆ ಹನ್ನೆರಡು ಕೆಜಿ ತೂಕ ನೇತುಹಾಕಿದಷ್ಟು. ಅಷ್ಟೇ. ಮೊದಲು ಬೆರಳಲ್ಲೇ ನಾಲ್ಕೈದು ಸುತ್ತು ಹೋಗಬೇಕು. ಬೆರಳಲ್ಲಿ ಹೋಗದಿದ್ದರೆ ಮರೆ ಅಡ್ಡ ಕೂತಿದೆ, ಸ್ಪ್ಯಾನರ್ ಹಾಕಬೇಡಿ, ತೆಗೆದು ಮತ್ತೆ ಕೂರಿಸಿ. ಸೋರದ ಹಾಗೆ ನೋಡಿಕೊಳ್ಳುವುದು ವಾಷರ್, ನಿಮ್ಮ ತೋಳಲ್ಲ. ಅದನ್ನು ಪ್ರತಿ ಸಲ ಹೊಸದು ಹಾಕಿ. ಮೂರು ಸಾವಿರದ ಕೆಲಸಕ್ಕೆ ಕೂತು ವಾಷರ್‌ನಲ್ಲಿ ಉಳಿಸುವವರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ.

ಮೂರನೆಯದು ಫಿಲ್ಟರ್. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಕೆಲವು ಸಲ ಇಂಜಿನ್‌ಗೇ ಅಂಟಿಕೊಂಡು ಉಳಿಯುತ್ತದೆ. ಕಪ್ಪು ರಿಂಗ್, ಕಪ್ಪು ಆಯಿಲ್, ಕಾಣಿಸುವುದಿಲ್ಲ. ಅದರ ಮೇಲೇ ಹೊಸದು ಕೂರಿಸಿದರೆ ರಿಂಗ್ ಮೇಲೆ ರಿಂಗ್. ಸ್ಟಾರ್ಟ್ ಮಾಡಿದಾಗ ಚೆನ್ನಾಗೇ ಇರಬಹುದು. ರೋಡಿಗೆ ಹೋಗಿ ಆಕ್ಸಿಲರೇಟರ್ ಒತ್ತಿದಾಗ ಪ್ರೆಷರ್‌ಗೆ ರಿಂಗ್ ಜಾರಿ ಆಯಿಲ್ ಎಲ್ಲ ಚಿಮ್ಮಿ ಖಾಲಿ. ಒಬ್ಬರು ಹೀಗೇ ಹರಿಹರದ ರೋಡಲ್ಲಿ ನಿಂತಿದ್ದರು, ಹಿಂದೆ ಉದ್ದಕ್ಕೂ ಆಯಿಲ್ ಗೆರೆ. ಹಳೇ ಫಿಲ್ಟರ್ ಕೈಗೆ ಬಂದ ಕೂಡಲೇ ತಿರುಗಿಸಿ ನೋಡಿ, ರಿಂಗ್ ಅದರಲ್ಲೇ ಇದೆಯಾ ಅಂತ. ಇಲ್ಲದಿದ್ದರೆ ಇಂಜಿನ್ ಕಡೆ ಬೆರಳಾಡಿಸಿ ಹುಡುಕಿ ತೆಗೆಯಿರಿ. ಹೊಸದರ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಿಂಗ್ ತಾಗಿತು ಅಂತ ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಮುಕ್ಕಾಲು ಸುತ್ತು. ಫಿಲ್ಟರ್ ರೆಂಚ್ ಬಿಚ್ಚಲು, ಬಿಗಿ ಮಾಡಲು ಅಲ್ಲ.

ಆಯಿಲ್ ಬಿಸಿ ಬಗ್ಗೆ ಒಂದು ಮಾತು. ಐದು ನಿಮಿಷ ಇಂಜಿನ್ ಓಡಿಸಿ ಆಮೇಲೆ ಇಳಿಸಿದರೆ ಚೆನ್ನಾಗಿ ಇಳಿಯುತ್ತದೆ. ಪೇಟೆಗೆ ಹೋಗಿ ಬಂದ ತಕ್ಷಣ ಬಿಚ್ಚಿದರೆ ಮೊಣಕೈ ತನಕ ಸುಡುತ್ತದೆ, ನನ್ನ ಎಡಗೈ ನೋಡಿದರೆ ಗೊತ್ತಾಗುತ್ತದೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ

ಗುರು, ಬೈಕ್ ಆಯಿಲ್ ಕಾರಿಗೆ ಹಾಕಬೇಡಿ. ಅಪ್ಪಿತಪ್ಪಿ ಒಂದು ಸಲ ಬಿದ್ದರೆ ಇಂಜಿನ್ ಸತ್ತುಹೋಗಲ್ಲ, ಆದರೆ ಬೈಕಿನ ಆಯಿಲ್ ಮಾಡಿರುವುದೇ ಬೇರೆ ಕೆಲಸಕ್ಕೆ. ಅಲ್ಲಿ ಕ್ಲಚ್ಚು, ಗೇರು, ಇಂಜಿನ್ನು ಮೂರೂ ಒಂದೇ ಆಯಿಲ್‌ನಲ್ಲಿ ನೆನೆಯುತ್ತವೆ, ಕ್ಲಚ್ ಜಾರಬಾರದು ಅಂತ ಅದಕ್ಕೆ ತಕ್ಕ ಹಾಗೆ ಮಾಡಿರುತ್ತಾರೆ. ಉಲ್ಟಾ ಮಾಡಿದರೆ, ಅಂದರೆ ಕಾರಿನ ಆಯಿಲ್ ಬೈಕಿಗೆ ಹಾಕಿದರೆ, ಕ್ಲಚ್ ಜಾರಲು ಶುರುವಾಗುತ್ತದೆ. ಅದು ನನ್ನ ತಮ್ಮ ಮಾಡಿ ನೋಡಿದ್ದಾನೆ.

ದಪ್ಪ ಆಯಿಲ್ ಮಾತು ಸುಳ್ಳಲ್ಲ, ಹಳೇ ಕಾಲದ್ದು. ಆಗಿನ ಇಂಜಿನ್‌ಗಳ ಒಳಗಿನ ಸಂದು ದೊಡ್ಡದು, ದಪ್ಪ ಆಯಿಲ್ ಬೇಕಿತ್ತು. ನಿಮ್ಮ ಇಂಜಿನ್‌ನಲ್ಲಿ ವಾಲ್ವ್ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಸಮಯ, ಬದಲಾಗುವುದೇ ಆಯಿಲ್ ಪ್ರೆಷರ್ ಮೇಲೆ, ಸಣ್ಣ ಸಣ್ಣ ತೂತುಗಳಲ್ಲಿ ಆಯಿಲ್ ಓಡಬೇಕು. 5ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಅಂದರೆ ವಿಂಟರ್, 5 ಅನ್ನುವುದು ತಣ್ಣಗಿರುವಾಗಿನ ಮಾತು, 30 ಅನ್ನುವುದು ಇಂಜಿನ್ ಬಿಸಿಯಾದ ಮೇಲಿನದ್ದು, ಅದನ್ನು ಅಳೆಯುವುದು 100 ಡಿಗ್ರಿಯಲ್ಲಿ. ನಮ್ಮಲ್ಲಿ ಚಳಿಯೇ ಇಲ್ಲವಲ್ಲ, 5 ಯಾಕೆ ಬೇಕು ಅಂತ ಕೇಳುತ್ತಾರೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಆ ಮೊದಲ ಕ್ಷಣ ಆಯಿಲ್ ಬೇಗ ಮೇಲೆ ಹತ್ತಬೇಕು, ಅದಕ್ಕೆ. ಡಿಸೆಂಬರ್‌ನಲ್ಲಿ ನಿಮ್ಮ ಕಡೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಎಳ್ಳೆಣ್ಣೆ ಹಾಗೇ ಹರಿಯುತ್ತದೆ, ಅಲ್ವಾ? ಅದೇ ತರಹ ಅಂದುಕೊಳ್ಳಿ.

ಇನ್ನು ನಕಲಿ ಆಯಿಲ್. ಇದು ನಾನು ಎಡವಿದ ಜಾಗ. ಬೆಂಗಳೂರಿನ ಒಂದು ಅಂಗಡಿಯಲ್ಲಿ, ಯಾವುದು ಅಂತ ಬೇಡ, ಎಂಆರ್‌ಪಿಗಿಂತ ಅರ್ಧಕ್ಕೆ ಅರ್ಧ ಕಡಿಮೆ ಅಂತ ಖುಷಿಯಿಂದ ತಂದೆ. ಮನೆಗೆ ಬಂದು ನೋಡಿದರೆ ಮುಚ್ಚಳದ ಸೀಲ್ ಸೊಟ್ಟಗೆ ಅಂಟಿಸಿದೆ, ಡಬ್ಬಿ ಮೇಲಿನ ಬ್ಯಾಚ್ ನಂಬರ್ ಉಜ್ಜಿದರೆ ಬೆರಳಿಗೆ ಬರುತ್ತದೆ. ಹಾಕಲಿಲ್ಲ. ಬಿಲ್ ಇಲ್ಲದೆ ಆಯಿಲ್ ತರಬೇಡಿ. ಖಾಲಿ ಡಬ್ಬಿಯನ್ನು ಗುಜರಿಗೆ ಕೊಡುವ ಮೊದಲು ಮೊಳೆ ಹೊಡೆದು ತೂತು ಮಾಡಿ, ಮುಚ್ಚಳ ಬೇರೆ ಮಾಡಿ ಎಸೆಯಿರಿ. ಅದೇ ಡಬ್ಬಿ ತುಂಬಿಕೊಂಡು ವಾಪಸ್ ಬರುತ್ತದೆ.

ಕುಂದಾಪ್ರ ಡೀಸೆಲ್

ಮಾರಾಯ್ರೆ, ಡೀಸೆಲ್ ಗಾಡಿಯವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದೆರಡು ಮಾತು. ಹೊಸ ಆಯಿಲ್ ಹಾಕಿ, ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿದರೆ ಕಪ್ಪು ಕಾಣುತ್ತದೆ. ನಾನು ಮೊದಲ ಸಲ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿಬಿಟ್ಟಿದ್ದೆ, ನಕಲಿ ಕೊಟ್ಟಿದ್ದಿ ಅಂತ. ಡೀಸೆಲ್ ಇಂಜಿನ್‌ನಲ್ಲಿ ಮಸಿ ಜಾಸ್ತಿ, ಒಳಗೆ ಉಳಿದ ಸ್ವಲ್ಪ ಹಳೇ ಆಯಿಲ್ ಸಾಕು ಹೊಸದನ್ನು ಕಪ್ಪು ಮಾಡಲಿಕ್ಕೆ. ಅವನ ಹತ್ತಿರ ಕ್ಷಮೆ ಕೇಳಿ ಚಾ ಕುಡಿಸಿ ಬಂದೆ. ಮತ್ತೆ 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಆದರೆ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಮ್ಯಾನ್ಯುವಲ್‌ನಲ್ಲಿ ಬರೆದ ದರ್ಜೆಯನ್ನೇ ತನ್ನಿ. ಡಬ್ಬಿ ಮೇಲೆ ಡೀಸೆಲ್ ಅಂತ ಇದ್ದರೆ ಸಾಲದು.

ಹಳೇ ಆಯಿಲ್ ಏನು ಮಾಡುತ್ತೀರಿ? ಅದನ್ನು ಯಾರೂ ಕೇಳಲೇ ಇಲ್ಲ. ನಮ್ಮ ಕಡೆ ಬೇಲಿ ಗೂಟಕ್ಕೆ ಬಳಿಯುತ್ತಾರೆ ಗೆದ್ದಲು ಹಿಡಿಯದ ಹಾಗೆ, ಸೆಂಟ್ರಿಂಗ್‌ನವರು ಹಲಗೆಗೆ ಸವರುತ್ತಾರೆ. ಅಪ್ಪನ ಕಾಲದಿಂದ ನಡೆದದ್ದೇ. ಆದರೆ ನಮ್ಮ ನಿಮ್ಮ ಮಳೆಗೆ ಗೂಟದ ಆಯಿಲ್ ಎಲ್ಲಿ ಉಳಿಯುತ್ತದೆ, ತೊಳೆದು ತೋಟಕ್ಕೇ ಇಳಿಯುತ್ತದೆ, ಅಲ್ಲಿಂದ ಬಾವಿಗೆ. ಅದರಲ್ಲಿ ಇಂಜಿನ್ ಸವೆದ ಲೋಹದ ಪುಡಿ ಎಲ್ಲ ಇರುತ್ತದೆ. ಸರಕಾರದ 2016ರ ನಿಯಮದಲ್ಲಿ ಇದು ಅಪಾಯಕಾರಿ ತ್ಯಾಜ್ಯವೇ. ಅದೇ ಹೊಸ ಆಯಿಲ್‌ನ ಖಾಲಿ ಡಬ್ಬಿಗೆ ತುಂಬಿ ಯಾವುದಾದರೂ ಗ್ಯಾರೇಜಿಗೆ ಕೊಡಿ, ಅವರು ಬ್ಯಾರಲ್‌ನಲ್ಲಿ ಕೂಡಿಟ್ಟು ಮತ್ತೆ ಶುದ್ಧ ಮಾಡುವವರಿಗೆ ಮಾರುತ್ತಾರೆ. ನಾನು ಕೊಡುವ ಗ್ಯಾರೇಜಿನವ ಬೇಡ ಅಂದದ್ದಿಲ್ಲ. ಡಬ್ಬಿಗೆ ಮೊಳೆ ಹೊಡೆಯುವುದು ಅದರ ನಂತರ!

ಹಳೇಹುಲಿ

ಎಲ್ಲರೂ ಉತ್ಸಾಹದಲ್ಲಿದ್ದೀರಿ, ನಾನೊಬ್ಬ ಬೇಡ ಅನ್ನುವವನು. ಗಾಡಿ ಮೇಲೆತ್ತಿದಾಗ ಒಳ್ಳೆ ಮೆಕ್ಯಾನಿಕ್ ಆಯಿಲ್ ಮಾತ್ರ ನೋಡುವುದಿಲ್ಲ. ಆಕ್ಸಲ್‌ನ ರಬ್ಬರ್ ಹರಿದಿದೆಯಾ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ, ಎಲ್ಲಿ ಜಿನುಗುತ್ತಿದೆ ಅಂತ ಕಣ್ಣಾಡಿಸುತ್ತಾನೆ. ಮನೆಯಲ್ಲಿ ಮಾಡಿಕೊಂಡು ಮೂರು ವರ್ಷ ಗ್ಯಾರೇಜಿಗೇ ಹೋಗದೆ, ಆಮೇಲೆ ಘಾಟಿಯಲ್ಲಿ ಬ್ರೇಕ್ ಕಿರ್ ಅಂದಾಗ ಓಡಿಹೋದವರು ಗೊತ್ತು ನನಗೆ. ವಾರಂಟಿ ಇರುವ ಗಾಡಿಯಂತೂ ಮುಟ್ಟಲೇಬೇಡಿ.

ಗ್ರೀಸ್‌ಕೈ

ಹಿರಿಯರ ಮಾತು ಸರಿ. ಆದರೆ ಎಲ್ಲ ಮೆಕ್ಯಾನಿಕ್ಕೂ ಕಣ್ಣಾಡಿಸುತ್ತಾನೆ ಅಂತ ನಮ್ಮವರ ಪರವಾಗಿ ನಾನು ಗ್ಯಾರಂಟಿ ಕೊಡಲ್ಲ. ಹೇಗೂ ಕೆಳಗೆ ಮಲಗಿರುತ್ತೀರಲ್ಲ, ಟಾರ್ಚ್ ಹಿಡಿದು ಎರಡು ನಿಮಿಷ ನೀವೇ ನೋಡಿ.

ಅಡಿಕೆಹಾಳೆ

ಎಲ್ಲರಿಗೂ ವಂದನೆ. ನಿನ್ನೆ ಮಾಡಿ ಮುಗಿಸಿದೆ. ಹತ್ತು ನಿಮಿಷದ್ದಲ್ಲ, ಎರಡೂವರೆ ಗಂಟೆಯ ಕೆಲಸ.

ಜಾಕ್ ಮುಟ್ಟಲೇ ಇಲ್ಲ. ಮನೆಯಲ್ಲಿ ಸಿಲ್ವರ್ ಓಕಿನ ಎರಡಿಂಚಿನ ಹಲಗೆ ಬಿದ್ದಿತ್ತು, ಮೂರು ಮೂರು ಮೆಟ್ಟಿಲಿನ ಹಾಗೆ ಜೋಡಿಸಿ ಉದ್ದ ಮೊಳೆ ಹೊಡೆದು ಎರಡು ರ‍್ಯಾಂಪ್ ಮಾಡಿದೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದಲ್ಲಿ ಮುಂದಿನ ಚಕ್ರ ಹತ್ತಿಸಿ, ಹಿಂದೆ ಕಲ್ಲು ಕೊಟ್ಟೆ. ಗಾಡಿ ಆರಿಂಚು ಎದ್ದರೆ ಎಷ್ಟು ಜಾಗ ಸಿಗುತ್ತದೆ ಅಂತ ಗೊತ್ತೇ ಇರಲಿಲ್ಲ.

ಮೂರ್ನೇಗೇರ್ ಅವರ ಕಥೆ ಓದಿ ಪ್ಲಗ್ ಎರಡು ಸಲ ನೋಡಿ, ಮೇಲೆ ಹೋಗಿ ಬ್ಯಾಟರಿ ನೋಡಿ, ಮತ್ತೆ ಕೆಳಗೆ ಹೋದೆ. ಹೆಂಡತಿ ಏನು ಕಳೆದುಕೊಂಡಿದ್ದೀರಿ ಅಂತ ಕೇಳಿದಳು. ಕಪ್ಪು ಆಯಿಲ್ ಬಂತು, ಡಿಪ್‌ಸ್ಟಿಕ್ ಒಣಗಿತು, ಅದು ಸರಿಯಾಯಿತು.

ಕೆಟ್ಟದ್ದು ಫಿಲ್ಟರ್. ಯಾರು ಬಿಗಿ ಮಾಡಿದ್ದರೋ, ಅಲ್ಲಾಡಲೇ ಇಲ್ಲ. ಆಯಿಲ್ ಕೈ ಬೇರೆ, ಜಾರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ತಿರುಗಿಸೋಣ ಅಂತ ಒಂದು ಮನಸ್ಸಾಯಿತು, ತಗಡು ಹರಿದು ಬುಡ ಅಲ್ಲೇ ಉಳಿದರೆ ಆಮೇಲೆ ಶಿವಮೊಗ್ಗಕ್ಕೆ ಗಾಡಿ ಎಳೆದುಕೊಂಡು ಹೋಗಬೇಕಾಗುತ್ತದೆ ಅಂತ ಸುಮ್ಮನಾದೆ. ಕೊನೆಗೆ ಒರೆಸಿ, ಮರಳು ಕಾಗದ ಉಲ್ಟಾ ಸುತ್ತಿ, ಅಂದರೆ ಒರಟು ಕಡೆ ಫಿಲ್ಟರ್‌ಗೆ, ಎರಡೂ ಕೈಯಲ್ಲಿ ತಿರುಗಿಸಿದರೆ ಕಿರ್ ಅಂತ ಬಂತು. ಅದರ ಕೆಳಗೆ ಅಡಿಕೆ ಹಾಳೆ ಒಂದನ್ನು ದೋಣಿಯ ಹಾಗೆ ಬಗ್ಗಿಸಿ ಕೊಟ್ಟಿದ್ದೆ, ಫಿಲ್ಟರ್‌ನಿಂದ ಇಳಿದದ್ದು ಅದರ ಮೇಲೆ ಹರಿದು ನೇರ ಬೇಸನ್‌ಗೆ ಹೋಯಿತು, ಅಂಗಳಕ್ಕೆ ಬಿದ್ದದ್ದು ನಾಲ್ಕೇ ಹನಿ. ರಿಂಗ್ ಹಳೇದರಲ್ಲೇ ಇತ್ತು.

ಫಿಲ್ಟರ್ ಸೇರಿ 3.1 ಲೀಟರ್ ಹಿಡಿಯುತ್ತದೆ ಅಂತ ಮ್ಯಾನ್ಯುವಲ್‌ನಲ್ಲಿ ಇದೆ. ಒಂದೇ ಸಲಕ್ಕೆ ಸುರಿಯದೆ ಎರಡೂವರೆ ಹಾಕಿ, ಸ್ಟಾರ್ಟ್ ಮಾಡಿದೆ. ಕೆಂಪು ಆಯಿಲ್ ದೀಪ ಆರುವ ತನಕ ಮೂರ್ನಾಲ್ಕು ಸೆಕೆಂಡ್ ಆಗಿರಬೇಕು, ನನಗೆ ಮೂರು ನಿಮಿಷದಷ್ಟು ಅನ್ನಿಸಿತು. ಆಕ್ಸಿಲರೇಟರ್ ಮುಟ್ಟಲಿಲ್ಲ. ಆಫ್ ಮಾಡಿ, ರ‍್ಯಾಂಪ್ ಇಳಿಸಿ, ಸಮ ನೆಲದಲ್ಲಿ ಹತ್ತು ನಿಮಿಷ ಬಿಟ್ಟು ನೋಡಿ ಉಳಿದದ್ದನ್ನು ಸ್ವಲ್ಪ ಸ್ವಲ್ಪ ಹಾಕಿದೆ. ರ‍್ಯಾಂಪ್ ಮೇಲೆ ಇರುವಾಗಲೇ ಡಿಪ್‌ಸ್ಟಿಕ್ ನೋಡಿದ್ದರೆ ಅಳತೆ ತಪ್ಪುತ್ತಿತ್ತು, ಗಾಡಿ ಮೂತಿ ಎತ್ತಿಕೊಂಡಿತ್ತಲ್ಲ.

ರಾತ್ರಿ ಕೆಳಗೆ ಎರಡು ಹಾಳೆ ಹಾಸಿ ಮಲಗಿದೆ. ಬೆಳಗ್ಗೆ ನೋಡಿದರೆ ಒಂದು ಹನಿ! ಎದೆ ಧಸಕ್ ಅಂತು. ಟಾರ್ಚ್ ಹಿಡಿದು ಹೋದರೆ ಫಿಲ್ಟರ್, ಪ್ಲಗ್ ಎರಡೂ ಒಣಗಿವೆ, ಪಕ್ಕದ ಕಬ್ಬಿಣದ ಮೇಲೆ ನಿನ್ನೆ ಚೆಲ್ಲಿದ್ದು ಒರೆಸದೆ ಬಿಟ್ಟಿದ್ದೆ, ಅದು ತೊಟ್ಟಿಕ್ಕಿದೆ. ಒರೆಸಿದೆ. ಇವತ್ತು ರಾತ್ರಿ ಹೊಸ ಹಾಳೆ ಹಾಕಿದ್ದೇನೆ, ನಾಳೆ ಬೆಳಗ್ಗೆ ನೋಡಿ ಹೇಳುತ್ತೇನೆ.

ಮೂರ್ನೇಗೇರ್

ಸುರಿದ ಮೇಲೆ ಮೇಲಿನ ಮುಚ್ಚಳ ಹಾಕಿದಿರಾ? ಒರೆಸಿದ ಬಟ್ಟೆ ಇಂಜಿನ್ ಮೇಲೆ ಬಿಟ್ಟಿಲ್ಲ ತಾನೆ?

ಅಡಿಕೆಹಾಳೆ

ಮುಚ್ಚಳ ಹಾಕಿದ್ದೇನೆ. ಬಟ್ಟೆ... ಒಂದು ನಿಮಿಷ ಇರಿ, ಬಂದೆ.